ಅಪ್‌ಡೇಟ್: ತಲೆಭಾರ, ತೂರಾಟಕ್ಕೆ ಕಾರಣ ಸಿಕ್ಕಿತು

ಫಿಟ್ಸ್‌ಗೆ ಆಕ್ಸ್‌ಕಾರ್ಬಜೆಪಿನ್ ಮೊದಲಿಂದ ಇತ್ತು, ಖಿನ್ನತೆಗೆ ಎಸ್ಸಿಟಲೊಪ್ರಾಮ್ ಸೇರಿದ ಮೇಲೆ ತಲೆಭಾರ, ಹೊಟ್ಟೆ ತೊಳಸು, ನಡೆದರೆ ತೂರಾಟ, ಏನ್ಮಾಡ್ಲಿ ಅಂತ ಕೇಳಿದ್ದೆ. "ರಕ್ತದಲ್ಲಿ ಸೋಡಿಯಂ ನೋಡಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ನೋಡಿಸಿದೆ, 127 ಬಂತು. 135ರಿಂದ 145ರ ಒಳಗೆ ಇರಬೇಕಿತ್ತು.

ಎರಡೂ ಮಾತ್ರೆಗಳು ಸೋಡಿಯಂ ಇಳಿಸಬಲ್ಲವಂತೆ, ಒಟ್ಟಿಗೆ ಸೇರಿದರೆ ಇನ್ನೂ ಜಾಸ್ತಿ. ಅದರ ಮೇಲೆ ನನ್ನ ಜಾಣತನ ಬೇರೆ! ಬಾಯಿ ಒಣಗುತ್ತೆ ಅಂತ ಬಾಟಲಿ ಪಕ್ಕದಲ್ಲೇ ಇಟ್ಕೊಂಡು ಗಟಗಟ ನೀರು ಕುಡೀತಿದ್ದೆ. ಉಳಿದಿದ್ದ ಸೋಡಿಯಂ ಕೂಡ ತೆಳುವಾಗ್ತಾ ಹೋಯ್ತು. ಮನಸ್ಸು ಮಂಕಾಗಿದ್ದು ಖಿನ್ನತೆಯಿಂದಲೇ ಅಂದ್ಕೊಂಡು ಸುಮ್ಮನಿದ್ದೆ ನೋಡಿ, ಅದು ತಪ್ಪಾಯ್ತು.

ಡಾಕ್ಟರು ನೀರಿಗೆ ದಿನದ ಮಿತಿ ಹಾಕಿದರು. ಫಿಟ್ಸ್ ಮಾತ್ರೆ ಮುಟ್ಟಲಿಲ್ಲ, ದಿಢೀರ್ ಬಿಟ್ಟರೆ ಫಿಟ್ಸ್ ಮರುಕಳಿಸುತ್ತೆ. ಎಸ್ಸಿಟಲೊಪ್ರಾಮ್ ಬದಲು ಮಿರ್ಟಜಪಿನ್ ಕೊಟ್ಟರು, ಅದರಲ್ಲಿ ಈ ತೊಂದರೆ ಕಡಿಮೆ. ಹತ್ತು ದಿನದ ಮೇಲೆ ಸೋಡಿಯಂ 134. ತೂರಾಟ ನಿಂತಿದೆ.

ಹೊಸ ಕಾಟ: ರಾತ್ರಿ ಮಾತ್ರೆ ನುಂಗಿದರೆ ಬೆಳಿಗ್ಗೆ ಒಂಬತ್ತಾದರೂ ಕಣ್ಣು ಬಿಡೋಕಾಗಲ್ಲ, ಹಸಿವಂತೂ ವಿಪರೀತ. ಮುಂದಿನ ವಾರದ ಭೇಟಿಗೆ ಅದನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೀನಿ.