ಮಿಕ್ಸಿಗೆ 4.4 ಸ್ಟಾರ್ ಇದೆ, ನಂಬಬಹುದಾ? – ಈ ವಾರದ ಪ್ರಶ್ನೋತ್ತರ

ಈ ವಾರ ಉತ್ತರ ಕೊಡುವವರು ನಮ್ಮ ಗುಂಪಿನ ಸದಸ್ಯೆಯೊಬ್ಬರು. ಆನ್‌ಲೈನ್ ಶಾಪಿಂಗ್ ಕಂಪನಿಯೊಂದರಲ್ಲಿ ಗ್ರಾಹಕರ ರಿವ್ಯೂ ಪರಿಶೀಲಿಸುವ ತಂಡದಲ್ಲಿದ್ದಾರೆ.

ಪ್ರಶ್ನೆ (ತುಮಕೂರಿನಿಂದ): ಮೇಡಂ, ನಮಸ್ತೆ. ಅಮ್ಮನಿಗೆ ಮಿಕ್ಸಿ ತಗೋಬೇಕು. ನೋಡಿಟ್ಟಿರುವುದಕ್ಕೆ 4.4 ಸ್ಟಾರ್ ಇದೆ, ಸಾವಿರಾರು ಜನ ರೇಟಿಂಗ್ ಕೊಟ್ಟಿದ್ದಾರೆ. ಆದರೆ ಮೇಲಿರುವ ರಿವ್ಯೂ ಎಲ್ಲಾ ‘ಸೂಪರ್’, ‘ಬೆಸ್ಟ್ ಪ್ರಾಡಕ್ಟ್’ ಅಂತ ಒಂದೇ ಥರ ಇವೆ. ದುಡ್ಡು ಕೊಟ್ಟು ಬರೆಸಿದ್ದಾ? ಹೇಗೆ ಗೊತ್ತಾಗುತ್ತೆ?

ಉತ್ತರ: ‘ಸೂಪರ್’ ಅಂತ ಬರೆದವರೆಲ್ಲ ಸುಳ್ಳುಗಾರರಲ್ಲ. ತುಂಬಾ ಜನ ಬರೆಯುವುದೇ ಅಷ್ಟು. ಆದರೆ ಅದರಿಂದ ನಿಮಗೇನೂ ತಿಳಿಯುವುದಿಲ್ಲ, ಅಲ್ವಾ? ಜಾಸ್ತಿ ರಿವ್ಯೂ ಬರುವುದು ಡಬ್ಬ ಬಿಚ್ಚಿದ ಮೊದಲ ಕೆಲವು ದಿನಗಳಲ್ಲಿ. ಹೊಸ ಮಿಕ್ಸಿ ಆಗ ಚೆನ್ನಾಗಿಯೇ ಓಡುತ್ತಿರುತ್ತದೆ. ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ಮುಟ್ಟಿಸುವ ಕಪ್ಲರ್ ಸವೆಯುವುದು, ಜಾರ್ ತಳದಲ್ಲಿ ಸೋರುವುದು, ಹಿಟ್ಟು ರುಬ್ಬುವಾಗ ಮೋಟಾರ್ ಬಿಸಿಯಾಗಿ ನಿಂತುಬಿಡುವುದು, ಫೋನ್ ಮಾಡಿದರೂ ಸರ್ವಿಸ್‌ನವರು ಬಾರದಿರುವುದು – ಇದೆಲ್ಲ ಶುರುವಾಗುವುದು ತಿಂಗಳುಗಳು ಕಳೆದ ಮೇಲೆ.

ಅದಕ್ಕೇ ಸ್ಟಾರ್ ಬಿಡಿ, ಬಳಸಿದವರ ಮಾತು ಹುಡುಕಿ. ರಿವ್ಯೂಗಳ ಒಳಗೆ ಹುಡುಕುವ ಜಾಗ ಇದ್ದರೆ ಲೀಕ್, ಕಪ್ಲರ್, ಸರ್ವಿಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಎರಡು, ಮೂರು ಸ್ಟಾರ್ ಕೊಟ್ಟವರನ್ನು ಮೊದಲು ಓದಿ. ದುಡ್ಡು ತಗೊಂಡು ಬರೆಯುವವರು ಐದು ಕೊಡುತ್ತಾರೆ, ಹಾಳುಮಾಡಲು ಬಂದವರು ಒಂದು ಕೊಡುತ್ತಾರೆ. ನಡುವೆ ಇರುವವರು ‘ಚಟ್ನಿ ಜಾರ್ ಚೆನ್ನಾಗಿದೆ, ದೊಡ್ಡ ಜಾರಿನ ಮುಚ್ಚಳ ಸರಿ ಕೂರುವುದಿಲ್ಲ’ ಅಂತ ಬರೆಯುತ್ತಾರೆ. ಅಂಥ ಒಂದು ಸಾಲು ನೂರು ‘ಸೂಪರ್’ಗಿಂತ ಮೇಲು.

ಆಮೇಲೆ ಹೊಸದು ಮೊದಲು ಬರುವಂತೆ ಜೋಡಿಸಿ ದಿನಾಂಕ ನೋಡಿ. ನಾಲ್ಕೈದು ದಿನದಲ್ಲಿ ರಾಶಿ ರಾಶಿ ಐದು ಸ್ಟಾರ್ ಬಿದ್ದು, ಹಿಂದೆಮುಂದೆ ಏನೂ ಇಲ್ಲದಿದ್ದರೆ ಅನುಮಾನ ಪಡಿ. ಹಬ್ಬದ ಸೇಲ್ ಆದಮೇಲೂ ರಿವ್ಯೂ ಹೆಚ್ಚುತ್ತದೆ, ಆದರೆ ಆಗ ಒಳ್ಳೆಯದು ಕೆಟ್ಟದ್ದು ಎರಡೂ ಬಂದಿರುತ್ತದೆ.

ಇನ್ನೊಂದು, ಇದನ್ನು ಬಹಳ ಜನ ಗಮನಿಸುವುದಿಲ್ಲ. 500 ವ್ಯಾಟ್, 750 ವ್ಯಾಟ್ ಎರಡೂ ಮಾಡೆಲ್‌ಗಳ ರಿವ್ಯೂ ಒಂದೇ ಪುಟದಲ್ಲಿ ಸೇರಿರಬಹುದು. ನಿಮ್ಮ ಮಾಡೆಲ್ ಬಗ್ಗೆ ಬರೆದದ್ದು ಯಾವುದು ಅಂತ ನೋಡಿಕೊಳ್ಳಿ. ಕೆಲವು ಮಾರಾಟಗಾರರಂತೂ ಹಳೆಯ ವಸ್ತುವಿನ ಪುಟದಲ್ಲೇ ಬೇರೆ ವಸ್ತು ಇಟ್ಟು, ಹಳೆಯ ರೇಟಿಂಗನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಮಿಕ್ಸಿಯ ಪುಟದಲ್ಲಿ ಮೊಬೈಲ್ ಕವರಿನ ಫೋಟೊ ಕಂಡರೆ ಅಲ್ಲಿಂದ ಹೊರಡಿ.

ಕೊನೆಗೆ, ನಿಮ್ಮೂರಿನ ಮಿಕ್ಸಿ ರಿಪೇರಿ ಅಂಗಡಿಯವರನ್ನು ಒಂದು ಮಾತು ಕೇಳಿ. ಯಾವುದು ಜಾಸ್ತಿ ರಿಪೇರಿಗೆ ಬರುತ್ತದೆ, ಯಾವುದರ ಸ್ಪೇರ್ ಸಿಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ನಾನು ರಿವ್ಯೂ ಕೆಲಸದಲ್ಲೇ ಇದ್ದರೂ ಅವರ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಶ್ನೆ: ‘ವೆರಿಫೈಡ್ ಪರ್ಚೇಸ್’ ಅಂತ ಇದ್ದರೆ ನಂಬಬಹುದಲ್ವಾ?

ಉತ್ತರ: ಆ ಖಾತೆಯಿಂದ ವಸ್ತು ಕೊಂಡಿದ್ದಾರೆ ಅನ್ನುವುದಷ್ಟೇ ಅದರ ಅರ್ಥ. ಮೊದಲು ಕೊಳ್ಳಲು ಹೇಳಿ, ರಿವ್ಯೂ ಬಂದಮೇಲೆ ಬೇರೆ ದಾರಿಯಲ್ಲಿ ಹಣ ವಾಪಸ್ ಕೊಡುವವರಿದ್ದಾರೆ. ಗುರುತು ಇಲ್ಲದ್ದಕ್ಕಿಂತ ಇರುವುದು ವಾಸಿ, ಅಷ್ಟೇ.

ಪ್ರಶ್ನೆ: ಮೇಡಂ, ನನಗೆ ಬಂದ ಇಯರ್‌ಫೋನ್ ಡಬ್ಬದಲ್ಲಿ ಒಂದು ಚೀಟಿ ಇತ್ತು. ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದರೆ 100 ರೂಪಾಯಿ ಅಂತೆ. ತಪ್ಪಾ?

ಉತ್ತರ: ತಪ್ಪು. ದಯವಿಟ್ಟು ಕಳಿಸಬೇಡಿ. ನಿಮ್ಮ ಆರ್ಡರ್ ವಿವರ, ಫೋನ್ ನಂಬರ್ ಅವರ ಕೈಗೆ ಹೋಗುತ್ತದೆ ಅನ್ನುವುದು ಒಂದು. ನಿಮ್ಮ ಮಾತು ನಂಬಿ ಇನ್ನೊಬ್ಬರು ದುಡ್ಡು ಹಾಕುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡದು. ಮಾರಾಟಗಾರ ತಾನೇ ಗ್ರಾಹಕನ ವೇಷದಲ್ಲಿ ರಿವ್ಯೂ ಹಾಕುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. 2022ರಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಅದನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು, ಅದೇ ನನ್ನ ಬೇಸರ. ಚೀಟಿಯ ಫೋಟೊ ತೆಗೆದು ಶಾಪಿಂಗ್ ಆ್ಯಪ್‌ನಲ್ಲೇ ದೂರು ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಪ್ರಶ್ನೆ (ಸಕಲೇಶಪುರದಿಂದ): ನಮ್ಮದು ಸಣ್ಣ ಹೋಂಸ್ಟೇ. ಬಂದೇ ಇಲ್ಲದವರು ಒಂದು ಸ್ಟಾರ್ ಹಾಕಿದ್ದಾರೆ. ನೆಂಟರಿಂದ ಐದು ಸ್ಟಾರ್ ಹಾಕಿಸಿ ಸರಿ ಮಾಡಿಕೊಳ್ಳಲಾ?

ಉತ್ತರ: ಬೇಡ ಸರ್. ನೆಂಟರ ರಿವ್ಯೂಗಳನ್ನು ಸೈಟಿನವರು ಗುರುತಿಸಿ ತೆಗೆದರೆ ನಿಜವಾದ ಅತಿಥಿಗಳ ಮಾತಿನ ಮೇಲೂ ಅನುಮಾನ ಬರುತ್ತದೆ. 2017ರಲ್ಲಿ ಲಂಡನ್‌ನಲ್ಲಿ ಒಬ್ಬ ಬರಹಗಾರ ತಾನು ವಾಸವಿದ್ದ ಶೆಡ್ಡನ್ನೇ ರೆಸ್ಟೋರೆಂಟ್ ಅಂತ ಟ್ರಿಪ್‌ಅಡ್ವೈಸರ್ ಅನ್ನುವ ಪ್ರವಾಸಿಗರ ರಿವ್ಯೂ ಸೈಟಿಗೆ ಸೇರಿಸಿದ. ಸುಳ್ಳು ರಿವ್ಯೂ ಬರೆಸಿ, ಯಾರಿಗೂ ಊಟ ಬಡಿಸುವ ಮೊದಲೇ ಅದನ್ನು ಆ ಊರಿನ ಮೊದಲನೇ ಸ್ಥಾನಕ್ಕೆ ಏರಿಸಿದ. ಸೈಟಿನ ಲೆಕ್ಕವನ್ನು ಎಷ್ಟು ಸುಲಭವಾಗಿ ಕೆಡಿಸಬಹುದು ಅಂತ ಅವನು ತೋರಿಸಿದ್ದು. ನೀವು ಆ ದಾರಿ ಹಿಡಿಯಬೇಡಿ. ಸುಳ್ಳು ರಿವ್ಯೂ ಅಂತ ರಿಪೋರ್ಟ್ ಮಾಡಿ. ಕೆಳಗೆ ಒಂದೇ ಉತ್ತರ ಬರೆಯಿರಿ: ‘ಈ ಹೆಸರಿನಲ್ಲಿ ನಮ್ಮಲ್ಲಿ ಬುಕಿಂಗ್ ಇಲ್ಲ, ತಂಗಿದ ದಿನಾಂಕ ತಿಳಿಸಿದರೆ ನೋಡುತ್ತೇವೆ.’ ಜಗಳ ಬೇಡ. ಓದುವವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಮಗನಿಗೆ ಟೆಲಿಗ್ರಾಂನಲ್ಲಿ ಕೆಲಸ ಬಂದಿದೆ. ಹೋಟೆಲ್‌ಗಳಿಗೆ ರಿವ್ಯೂ ಹಾಕಿದರೆ ಒಂದೊಂದಕ್ಕೂ ದುಡ್ಡು. ಮೊದಲ ಕಂತು ಬಂತು ಕೂಡ. ಈಗ 5,000 ಕಟ್ಟಿದರೆ ದೊಡ್ಡ ಟಾಸ್ಕ್ ಕೊಡ್ತಾರಂತೆ.

ಉತ್ತರ: ಕಟ್ಟಬೇಡಿ! ಇದು ವಂಚನೆ. ಮೊದಲು ಚಿಲ್ಲರೆ ಕೊಟ್ಟು ನಂಬಿಸುತ್ತಾರೆ, ಆಮೇಲೆ ಕಟ್ಟಿದ ಹಣ ಹಿಂದೆ ಬರುವುದಿಲ್ಲ. ಆ ಗುಂಪಿನಲ್ಲಿ ‘ನನಗೆ ಲಾಭ ಬಂತು’ ಎನ್ನುವವರೂ ಅವರ ಕಡೆಯವರೇ. ಈಗಾಗಲೇ ಹಣ ಹಾಕಿದ್ದರೆ ಇವತ್ತೇ, ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಚಾಟ್ ಅಳಿಸಬೇಡಿ, ಹಣ ಹೋದ ಯುಪಿಐ ಐಡಿ ಬರೆದಿಟ್ಟುಕೊಳ್ಳಿ, ಬ್ಯಾಂಕಿಗೂ ತಿಳಿಸಿ. ಮಗನಿಗೆ ಬೈಯಬೇಡಿ. ಬೈದರೆ ಎಷ್ಟು ಹೋಗಿದೆ ಅನ್ನುವುದನ್ನೇ ಮುಚ್ಚಿಡುತ್ತಾನೆ.