ಅಭಿಯಾತ್ರಿಯೋ, ಅಭಿಜಾತ್ರಿಯೋ? ಜೊತೆಗೆ ‘ಸೈಕಿಯಾನಿ’ ಎಂಬ ಹೆಸರಿನ ‘ನಿ’ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಓದುಗರ ಬಳಗಕ್ಕಾಗಿ ಅಸ್ಸಾಮಿ ಭಾಷೆಯ ಇಬ್ಬರು ಲೇಖಕಿಯರ ಪರಿಚಯ ಬರೆಯುತ್ತಿದ್ದೇನೆ. ಒಬ್ಬರು ನಿರುಪಮಾ ಬೊರ್ಗೊಹೈನ್. 1932ರಲ್ಲಿ ಗುವಾಹಟಿಯಲ್ಲಿ ಹುಟ್ಟಿದವರು, ಕಾದಂಬರಿಗಾರ್ತಿ, ಪತ್ರಕರ್ತೆ. ಇನ್ನೊಬ್ಬರು ಅವರಿಗಿಂತ ಒಂದು ತಲೆಮಾರು ಹಿಂದಿನ ಚಂದ್ರಪ್ರಭಾ ಸೈಕಿಯಾನಿ (1901–1972). ಇವರೂ ಕಾದಂಬರಿ ಬರೆದವರು, ಪತ್ರಿಕೆ ನಡೆಸಿದವರು. ನಿರುಪಮಾ ಅವರಿಗೆ 1996ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಕಾದಂಬರಿ ಚಂದ್ರಪ್ರಭಾ ಅವರ ಬದುಕನ್ನೇ ಹಿಡಿದು ಬರೆದದ್ದು. ಆ ಕಾದಂಬರಿಯ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎನ್ನುವುದು ನನ್ನ ಮೊದಲ ಪ್ರಶ್ನೆ.

ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರು ಎರಡು ರೂಪದಲ್ಲಿ ಓಡಾಡುತ್ತಿದೆ. ಪ್ರಶಸ್ತಿ ಪಟ್ಟಿಗಳಲ್ಲಿ ‘ಅಭಿಜಾತ್ರಿ’ ಎಂದು ಓದಿಕೊಳ್ಳುವ ಹಾಗೆ ಇದೆ. ಇಂಗ್ಲಿಷ್ ಅನುವಾದದ ಹೆಸರಿನಲ್ಲಿ ‘ಅಭಿಯಾತ್ರಿ’ ಎಂದಿದೆ. ಅಸ್ಸಾಮಿ ಲಿಪಿಯಲ್ಲಿ ಇರುವುದು ಸಂಸ್ಕೃತದ ‘ಯ’ಕ್ಕೆ ಸಾಟಿಯಾದ ಅಕ್ಷರವೇ. ಆದರೆ ಅಲ್ಲಿನವರ ಬಾಯಲ್ಲಿ ಅದು ಇಂಗ್ಲಿಷಿನ ಝಡ್ ದನಿಗೆ ಹತ್ತಿರವಾಗಿ ಬರುತ್ತದೆ. ನಾವು ಹೇಳುವ ‘ಯ’ ದನಿಗೆ ಅವರ ಹತ್ತಿರ ಕೆಳಗೆ ಚುಕ್ಕೆ ಇಟ್ಟ ಬೇರೆಯೇ ಅಕ್ಷರ ಇದೆ. ಹಾಗಾಗಿ ಎರಡು ರೂಪಗಳಲ್ಲಿ ಯಾವುದನ್ನೂ ತಪ್ಪು ಎನ್ನಲಾಗದು. ಒಂದು ಕಣ್ಣಿನ ದಾರಿ, ಇನ್ನೊಂದು ಕಿವಿಯ ದಾರಿ.

ಕನ್ನಡದಲ್ಲಿ ‘ಅಭಿಯಾತ್ರಿ’ ಎಂದೇ ಬರೆಯಬೇಕು ಅಂತ ನನ್ನ ವಾದ. ಕಿವಿಯ ದಾರಿ ಹಿಡಿದರೆ ಅರ್ಧಕ್ಕೆ ನಿಲ್ಲುವ ಹಾಗಿಲ್ಲ, ನೋಡಿ. ಅಸ್ಸಾಮಿಯಲ್ಲಿ ‘ಅ’ ಸ್ವರ ‘ಒ’ ಕಡೆಗೆ ವಾಲುತ್ತದೆ. ‘ಚ’ ಬರೆದಲ್ಲಿ ‘ಸ’ ಕೇಳಿಸುತ್ತದೆ. ಶ, ಷ, ಸ ಮೂರೂ ಗಂಟಲ ಹತ್ತಿರದಿಂದ, ‘ಖ’ವನ್ನು ಉಜ್ಜಿ ಹೇಳಿದಂತೆ ಬರುತ್ತವೆ. ತಮ್ಮ ನಾಡಿನ ಹೆಸರನ್ನೇ ಅವರು ‘ಅಸಮ’ ಎಂದು ಬರೆದು ‘ಒಖೊಮ್’ ಎನ್ನುವ ಹಾಗೆ ಹೇಳುತ್ತಾರೆ. ಕಿವಿಯನ್ನೇ ನಂಬಿದರೆ ಚಂದ್ರಪ್ರಭಾ ಅವರು ‘ಸೊಂದ್ರೊಪ್ರೊಭಾ’ ಆಗಬೇಕು. ಕನ್ನಡದ ಓದುಗರಿಗೆ ಚಂದ್ರನೂ ಕಾಣುವುದಿಲ್ಲ, ಪ್ರಭೆಯೂ ಕಾಣುವುದಿಲ್ಲ.

ಇನ್ನೂ ದೊಡ್ಡ ಕಾರಣ ಕನ್ನಡದ ಒಳಗೇ ಇದೆ. ‘ಯ’ ಹೋಗಿ ‘ಜ’ ಆಗುವುದು ನಮಗೆ ಹೊಸದೇನಲ್ಲ. ಶಾಲೆಯ ತತ್ಸಮ–ತದ್ಭವ ಪಟ್ಟಿ ನೆನಪಿಸಿಕೊಳ್ಳಿ. ಯೋಗಿ–ಜೋಗಿ, ಯಶ–ಜಸ, ಯಮ–ಜವ, ಯವನಿಕಾ–ಜವನಿಕೆ. ಯಾತ್ರೆ ನಮ್ಮಲ್ಲಿ ಜಾತ್ರೆ ಆಗಿದೆ. ಆಗಿ, ಅರ್ಥವನ್ನೂ ಬದಲಿಸಿಕೊಂಡು ಬೇರೆಯೇ ಪದವಾಗಿ ಗಟ್ಟಿಯಾಗಿ ನಿಂತಿದೆ. ತೇರು, ಬೆಂಡು-ಬತ್ತಾಸು, ದನಗಳ ಸಂತೆ, ಇವೆಲ್ಲ ಸೇರಿದ್ದು ಜಾತ್ರೆ. ಹಾಗಾಗಿ ‘ಅಭಿಜಾತ್ರಿ’ ಎಂದು ಬರೆದರೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದೇ ಜಾತ್ರೆ. ಅದು ಬಿಟ್ಟರೆ ‘ಅಭಿಜಾತ’. ಅಭಿಜಾತ ಎಂದರೆ ದೊಡ್ಡ ಮನೆತನದಲ್ಲಿ ಹುಟ್ಟಿದ, ಕುಲೀನ ಎಂದಲ್ವಾ? ಕಾಮರೂಪದ ಹಳ್ಳಿಯೊಂದರಲ್ಲಿ ಹುಟ್ಟಿ, ಕೆಸರು ನೀರು ದಾಟಿಕೊಂಡು ಹುಡುಗರ ಶಾಲೆಗೆ ಹೋಗಿ ಓದಿದ ಹೆಣ್ಣುಮಗಳ ಕತೆಗೆ ಆ ಅರ್ಥದ ನೆರಳು ಬೀಳಬಾರದು.

ಇನ್ನು ಅರ್ಥದ ಮಾತು. ಕನ್ನಡದಲ್ಲಿ ‘ಯಾತ್ರಿ’, ‘ಯಾತ್ರಿಕ’ ಎಂದರೆ ನಮಗೆ ಕಾಶಿ, ರಾಮೇಶ್ವರ ನೆನಪಾಗುತ್ತದೆ. ಪುಣ್ಯಕ್ಷೇತ್ರಕ್ಕೆ ಹೋಗುವವರು. ಅಸ್ಸಾಮಿಯಲ್ಲೂ ಬಂಗಾಳಿಯಲ್ಲೂ ‘ಯಾತ್ರಿ’ ಎಂದರೆ ಸುಮ್ನೆ ಪ್ರಯಾಣಿಕ. ಬಸ್ಸಿನಲ್ಲಿ ಕೂತವರೂ ಯಾತ್ರಿಗಳೇ. ಅದಕ್ಕೆ ‘ಅಭಿ’ ಸೇರಿದಾಗ ಗುರಿಯ ಕಡೆ ನುಗ್ಗುವ ಅರ್ಥ ಬರುತ್ತದೆ. ಹೊಸ ದಾರಿ ಹುಡುಕಿ ಹೊರಟವರು, ಕಷ್ಟದ ಪ್ರಯಾಣಕ್ಕೆ ಎದೆಗೊಟ್ಟವರು. ನಮ್ಮ ‘ದಂಡಯಾತ್ರೆ’, ‘ಜೈತ್ರಯಾತ್ರೆ’ಗಳಲ್ಲಿ ಇರುವ ಯಾತ್ರೆಗೆ ಇದು ಹತ್ತಿರ. ‘ಅಭಿಯಾನ’ ಎಂಬ ಪದ ನಮ್ಮಲ್ಲಿ ಇದೆ. ಆದರೆ ಸರ್ಕಾರದ ಪೋಸ್ಟರುಗಳಲ್ಲಿ ಓಡಾಡಿ ಓಡಾಡಿ ಅದಕ್ಕೆ ಪ್ರಚಾರದ ಅರ್ಥವೇ ಜಾಸ್ತಿ ಅಂಟಿಕೊಂಡಿದೆ.

ಈ ಹೆಸರನ್ನು ನಿರುಪಮಾ ಸುಮ್ಮನೆ ಆರಿಸಿಕೊಂಡದ್ದಲ್ಲ. ಚಂದ್ರಪ್ರಭಾ 1926ರಲ್ಲಿ ಅಸಮ ಪ್ರಾದೇಶಿಕ ಮಹಿಳಾ ಸಮಿತಿಯನ್ನು ಕಟ್ಟಿದರು. ಆ ಸಮಿತಿಯ ಪತ್ರಿಕೆಯ ಹೆಸರೇ ‘ಅಭಿಯಾತ್ರಿ’. ಅದನ್ನು ಅವರೇ ಏಳು ವರ್ಷ ಸಂಪಾದಿಸಿದರು. ಹಾಗಾಗಿ ಹೆಸರನ್ನು ಅನುವಾದಿಸದೆ ಇದ್ದ ಹಾಗೇ ಉಳಿಸಬೇಕು ಅಂತ ನನಗೆ ಅನಿಸುತ್ತದೆ. ಕಂಸದಲ್ಲೋ ಮುಂದಿನ ವಾಕ್ಯದಲ್ಲೋ ಒಂದು ಸಣ್ಣ ವಿವರಣೆ ಕೊಟ್ಟರೆ ಸಾಕು. ಆ ವಿವರಣೆಗೆ ಯಾವ ಕನ್ನಡ ಪದ ಬಳಸಲಿ? ‘ಸಾಹಸಯಾತ್ರಿ’ ಎಂದರೆ ಬೆಟ್ಟ ಹತ್ತುವವರಂತೆ ಕೇಳುತ್ತದೆ. ‘ಮುನ್ನಡೆದವಳು’ ನನಗೆ ಇಷ್ಟ. ಆದರೆ ಮೂಲಪದ ಹೆಣ್ಣಿಗೆ ಮಾತ್ರ ಸಲ್ಲುವುದಲ್ಲ, ಯಾರಿಗಾದರೂ ಸಲ್ಲುತ್ತದೆ. ಕೊನೆಯ ‘ಇ’ಕಾರ ನೋಡಿ ನಾವು ಲೇಖಕಿ, ನಾಯಕಿ ಪದಗಳ ಸಾಲಿಗೆ ಸೇರಿಸಿಬಿಡುತ್ತೇವೆ, ಅಷ್ಟೇ. ‘ಹೊರಟು ನಿಂತವರು’ ಎಂದರೆ ಸರಿಹೋದೀತೇ?

ಇದೇ ಸಂದರ್ಭದಲ್ಲಿ ಎದುರಾದ ಇನ್ನೊಂದು ತೊಡಕನ್ನೂ ಹೇಳಬೇಕು. ಅಸ್ಸಾಮಿಯಲ್ಲಿ ನಿರುಪಮಾ ಅವರನ್ನು ಪರಿಚಯಿಸುವ ಎರಡು ಪದಗಳು ‘ಔಪನ್ಯಾಸಿಕ’ ಮತ್ತು ‘ಸಾಂವಾದಿಕ’. ಸಂಸ್ಕೃತದ ಪದಗಳು ತಾನೇ ಎಂದು ಕನ್ನಡಕ್ಕೆ ಹಾಗೇ ಇಳಿಸಿದರೆ ಅವರು ಉಪನ್ಯಾಸಕಿ, ಸಂವಾದ ನಡೆಸುವವರು ಎಂದಾಗುತ್ತದೆ! ಅಲ್ಲಿ ‘ಉಪನ್ಯಾಸ’ ಎಂದರೆ ಕಾದಂಬರಿ, ‘ಸಂವಾದ’ ಎಂದರೆ ಸುದ್ದಿ. ನಮ್ಮಲ್ಲಿ ಉಪನ್ಯಾಸ ಎಂದರೆ ಭಾಷಣ, ಪಾಠ. ನಾವು ಬಾಣಭಟ್ಟನ ಕೃತಿಯ ಹೆಸರನ್ನೇ ಇಡೀ ಪ್ರಕಾರಕ್ಕೆ ಇಟ್ಟು ‘ಕಾದಂಬರಿ’ ಎಂದೆವು. ನಿರುಪಮಾ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ, ಗುವಾಹಟಿ ವಿಶ್ವವಿದ್ಯಾಲಯದಿಂದ ಅಸ್ಸಾಮಿಯಲ್ಲಿ ಎಂ.ಎ. ಮಾಡಿ ಕಾಲೇಜುಗಳಲ್ಲಿ ಪಾಠವನ್ನೂ ಹೇಳಿದವರು. ಹಾಗಾಗಿ ‘ಉಪನ್ಯಾಸಕಿ’ ಎಂದು ಬರೆದರೂ ಓದುಗರಿಗೆ ಎಲ್ಲೂ ಅನುಮಾನ ಬರುವುದಿಲ್ಲ. ಗೊಂದಲ ಹುಟ್ಟಿಸುವುದೇ ಅದು. ಹಿಂದಿ ಅಥವಾ ಬಂಗಾಳಿ ಮೂಲಕ ಅನುವಾದ ಮಾಡುವವರು ಈ ಎರಡು ಪದಗಳನ್ನು ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಪತ್ರಕರ್ತೆಯಾಗಿ ನಿರುಪಮಾ ತೆತ್ತ ಬೆಲೆ ಸಣ್ಣದಲ್ಲ. ವಿದೇಶಿ ವಲಸಿಗರನ್ನು ಹೊರಹಾಕಬೇಕೆಂದು 1979ರಿಂದ 1985ರವರೆಗೆ ನಡೆದ ಅಸ್ಸಾಂ ಚಳವಳಿಯ ದಿನಗಳಲ್ಲಿ ಅಲೆಯ ಜೊತೆ ಹೋಗದೆ ಬರೆದರು. ಕೆಲಸ ಕಳೆದುಕೊಂಡರು. ಇಂಥವರ ಬಗ್ಗೆ ಬರೆಯುವಾಗ ‘ಪತ್ರಕರ್ತೆ’ ಎನ್ನುವ ಪದವನ್ನು ನಾನು ಬೇಕೆಂದೇ ಬಳಸುತ್ತೇನೆ. ‘ಮಹಿಳಾ ಪತ್ರಕರ್ತರು’ ಎನ್ನುವ ಉದ್ದನೆಯ ದಾರಿ ಯಾಕೆ? ಕನ್ನಡದಲ್ಲಿ ಹೆಣ್ಣುಮಕ್ಕಳು ಪತ್ರಿಕೆ ನಡೆಸುವುದು ನಿನ್ನೆ ಮೊನ್ನೆಯದಲ್ಲ. ನಂಜನಗೂಡು ತಿರುಮಲಾಂಬ ಕಾದಂಬರಿಯನ್ನೂ ಬರೆದರು, ಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಪದಗಳು ನಮ್ಮಲ್ಲಿ ಇವೆ, ಬಳಸಬೇಕು.

ಈಗ ಹೆಸರುಗಳಿಗೆ ಬರುತ್ತೇನೆ. ‘ಬೊರ್ಗೊಹೈನ್’ ಬಗ್ಗೆ ಜಾಸ್ತಿ ಚರ್ಚೆ ಬೇಕಿಲ್ಲ. ಅಸ್ಸಾಮಿ ಬರಹದಲ್ಲಿ ಅದು ‘ಬರಗೋಹಾಞಿ’. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ‘ಞ’ ಅಲ್ಲಿ ದಿನವೂ ದುಡಿಯುತ್ತಿದೆ. ಹಿಂದೆ ಅಸ್ಸಾಂ ಆಳಿದ ಅಹೋಮ್ ಅರಸರ ಆಸ್ಥಾನದಲ್ಲಿ ಅದು ದೊಡ್ಡ ಮಂತ್ರಿಯ ಪದವಿ, ಆಮೇಲೆ ಮನೆತನದ ಹೆಸರಾಯಿತು. ಆದರೆ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಪದಕ ಗೆದ್ದ ಲವ್ಲಿನಾ ಅವರಿಂದಾಗಿ ‘ಬೊರ್ಗೊಹೈನ್’ ಕನ್ನಡಿಗರ ಕಣ್ಣಿಗೆ ಪರಿಚಯವಾಗಿದೆ. ಅದನ್ನು ಕದಲಿಸುವುದು ಬೇಡ.

‘ಸೈಕಿಯಾನಿ’ ಹಾಗಲ್ಲ. ಇದು ನನ್ನ ಮುಖ್ಯ ಪ್ರಶ್ನೆ. ಅಹೋಮ್ ರಾಜ್ಯದಲ್ಲಿ ದುಡಿಮೆಗೂ ಯುದ್ಧಕ್ಕೂ ಬರಬೇಕಾದ ಜನರನ್ನು ‘ಪಾಯಿಕ’ರು ಎನ್ನುತ್ತಿದ್ದರು. ಇಪ್ಪತ್ತು ಪಾಯಿಕರ ಮೇಲೆ ಒಬ್ಬ ಬರಾ, ನೂರು ಜನರ ಮೇಲೆ ಸೈಕಿಯಾ, ಸಾವಿರ ಜನರ ಮೇಲೆ ಹಜಾರಿಕಾ. ಗಾಯಕ ಭೂಪೇನ್ ಹಜಾರಿಕಾ ಅವರ ಹೆಸರಿನ ಬೇರು ಅಲ್ಲಿದೆ. ನಮ್ಮ ಪಾಟೀಲ, ಕುಲಕರ್ಣಿ, ದೇಸಾಯಿಗಳ ಹಾಗೆ ಇವೂ ಅಧಿಕಾರದ ಹೆಸರುಗಳು, ನಂತರ ಅಡ್ಡಹೆಸರುಗಳಾದವು. ಹೆಂಗಸರ ಹೆಸರಿನಲ್ಲೂ ಸಾಮಾನ್ಯವಾಗಿ ಸೈಕಿಯಾ ಎಂದೇ ಇರುತ್ತದೆ. ಚಂದ್ರಪ್ರಿಯಾ ಎಂದು ಹೆಸರಿಟ್ಟುಕೊಂಡು ಹುಟ್ಟಿದ ಹುಡುಗಿ ನಾಡಿಗೆ ಪರಿಚಯವಾದದ್ದು ಚಂದ್ರಪ್ರಭಾ ಸೈಕಿಯಾನಿ ಎಂದು. ತಂಗಿ ರಜನೀಪ್ರಭಾ ವೈದ್ಯೆಯಾದರು. ಅವರ ಹೆಸರಿನಲ್ಲೂ ಸೈಕಿಯಾನಿಯೇ. ಅದು ಹೆಣ್ಣು ರೂಪ.

ಸಂಸ್ಕೃತ ವ್ಯಾಕರಣ ಬಲ್ಲವರಿಗೆ ಇಲ್ಲಿ ಒಂದು ಮುಳ್ಳು ಚುಚ್ಚುತ್ತದೆ. ಇಂದ್ರಾಣಿ ಎಂದರೆ ಇಂದ್ರನ ಹೆಂಡತಿ. ಆಚಾರ್ಯಾನೀ ಎಂದರೆ ಆಚಾರ್ಯರ ಹೆಂಡತಿ. ತಾನೇ ಪಾಠ ಹೇಳುವ ಹೆಣ್ಣಿಗೆ ‘ಆಚಾರ್ಯಾ’ ಎಂಬ ಬೇರೆ ರೂಪ ಇದೆ. ಈ ಲೆಕ್ಕದಲ್ಲಿ ಕನ್ನಡದ ಓದುಗರು ಸೈಕಿಯಾನಿ ಎಂದರೆ ಸೈಕಿಯಾ ಅವರ ಹೆಂಡತಿ ಎಂದುಕೊಳ್ಳಬಹುದು. ಚಂದ್ರಪ್ರಭಾ ಅವರ ಮಟ್ಟಿಗೆ ಅದು ಪೂರ್ತಿ ತಪ್ಪಾಗುತ್ತದೆ. ಅವರು ಯಾರ ಹೆಂಡತಿಯೂ ಆಗಿರಲಿಲ್ಲ. ಮದುವೆಯಾಗದೆ ತಾಯಿಯಾದರು. ಊರಿನ ಮಾತುಗಳಿಗೆ ತಲೆ ತಗ್ಗಿಸದೆ ಮಗನನ್ನು ತಾವೇ ಬೆಳೆಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು. ಆ ‘ನಿ’ ಇನ್ನೊಬ್ಬರ ಮೂಲಕ ಬಂದದ್ದಲ್ಲ, ಅವರದೇ. ಕೆಲವು ಕಡೆ ‘ಚಂದ್ರಪ್ರಭಾ ಸೈಕಿಯಾ’ ಎಂದು ಮೊಟಕು ಮಾಡಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇದಕ್ಕೆ ಹತ್ತಿರದ ಕನ್ನಡ ರೂಪ ಹುಡುಕಿದಾಗ ನನಗೆ ಹೊಳೆದದ್ದು ‘ಗೌಡತಿ’. ನಾನು ಕೇಳಿರುವ ಬಳಕೆಯಲ್ಲಿ ಅದು ಹೆಚ್ಚಾಗಿ ಗೌಡರ ಹೆಂಡತಿ. ಆದರೆ ತಾನೇ ಮುಂದೆ ನಿಂತು ಮನೆ, ಜಮೀನು ನಡೆಸುವ ಹೆಂಗಸನ್ನು ‘ಅವಳು ಗೌಡತಿ ಕಣಯ್ಯ’ ಎಂದು ಮೆಚ್ಚಿ ಹೇಳುವುದೂ ಇದೆ. ಒಕ್ಕಲಗಿತ್ತಿಯ ವಿಷಯ ಬೇರೆ. ಅಲ್ಲಿ ಗಂಡನ ಸುಳಿವೇ ಬೇಕಿಲ್ಲ, ಬೇಸಾಯ ಮಾಡುವವಳು ಅಷ್ಟೇ. ನಿಮ್ಮ ಕಡೆ ಹೇಗೆ? ಧಾರವಾಡ, ವಿಜಯಪುರ ಕಡೆಯವರು ಹೇಳಿ: ಪಾಟೀಲ, ದೇಸಾಯಿ ಮನೆತನದ ಹೆಂಗಸನ್ನು ಅವಳ ಸ್ವಂತ ಅಧಿಕಾರಕ್ಕಾಗಿ ಕರೆಯುವ ಹೆಣ್ಣು ರೂಪ ಮಾತಿನಲ್ಲಿ ಇದೆಯೇ?

ಕೊನೆಗೆ ಇನ್ನೆರಡು ಪದಗಳು.

1925ರಲ್ಲಿ ನಗಾಂವ್‌ನಲ್ಲಿ ಅಸಮ ಸಾಹಿತ್ಯ ಸಭೆಯ ಅಧಿವೇಶನ ನಡೆಯಿತು. ಹೆಂಗಸರನ್ನು ಬಿದಿರಿನ ಮರೆಯ ಹಿಂದೆ ಕೂರಿಸಿದ್ದರು. ಚಂದ್ರಪ್ರಭಾ ಮಾತಾಡಲು ನಿಂತವರು, ಅದನ್ನು ದಾಟಿ ಹೊರಗೆ ಬನ್ನಿ ಎಂದು ಹೆಂಗಸರನ್ನು ಕರೆದರು. ಹೆಂಗಸರು ಬಂದರು. ಆ ಮರೆಯನ್ನು ‘ಪರದೆ’ ಎಂದರೆ ಬಟ್ಟೆ ಕಣ್ಣಮುಂದೆ ಬರುತ್ತದೆ. ‘ಬೇಲಿ’ ಎಂದರೆ ಹೊಲ. ನಾನು ‘ಬಿದಿರ ತಡಿಕೆ’ ಎಂದು ಬರೆದಿದ್ದೇನೆ. ‘ತಟ್ಟಿ’ ಎಂದು ಬರೆಯಬೇಕು ಎನ್ನುವವರು ಇದ್ದರೆ ತಿಳಿಸಿ. ತಡಿಕೆಗೆ ಕಿತ್ತು ಬೀಳುವ ಗುಣ ಇದೆ, ಅದಕ್ಕೇ ನನಗೆ ಆ ಪದದ ಮೇಲೆ ಒಲವು.

ಎರಡನೆಯದು ಅವರ 1937ರ ಕಾದಂಬರಿಯ ಹೆಸರು, ‘ಪಿತೃಭಿಠಾ’. ಭಿಠಾ ಎಂದರೆ ಬರೀ ಕಟ್ಟಡ ಅಲ್ಲ. ಮನೆ ನಿಂತಿರುವ ನೆಲವೂ ಸೇರಿ, ಹಿರಿಯರಿಂದ ಬಂದ ಜಾಗ. ‘ತವರುಮನೆ’ ಸರಿಹೋಗದು. ಅದು ಮದುವೆಯಾಗಿ ಹೊರಟವಳ ಬಾಯಿಯ ಪದ. ‘ಪಿತ್ರಾರ್ಜಿತ’ ಎಂದರೆ ಕೋರ್ಟಿನ ಕಾಗದದ ವಾಸನೆ. ಕೊಡಗಿನ ಐನ್‌ಮನೆ, ಕರಾವಳಿಯ ತರವಾಡು ಮನೆ ಹತ್ತಿರ ಬರುತ್ತವೆ. ಆದರೆ ಅವಕ್ಕೆ ಕುಲದ, ದೈವದ ನಂಟು ಗಟ್ಟಿಯಾಗಿದೆ. ಮಲೆನಾಡಿನವರು ಹೇಳುವ ‘ಮೂಲಮನೆ’ ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗಿದೆ. ಬಯಲುಸೀಮೆಯಲ್ಲಿ ಇದಕ್ಕೆ ಏನೆನ್ನುತ್ತಾರೆ? ಮನೆ ಬಿದ್ದುಹೋಗಿ ಬರೀ ನೆಲ ಉಳಿದಾಗಲೂ ಸಲ್ಲುವ ಪದ ಯಾರ ಊರಿನಲ್ಲಾದರೂ ಇದ್ದರೆ ದಯವಿಟ್ಟು ಬರೆಯಿರಿ. ಅಜ್ಜಿಯರನ್ನು ಕೇಳಿ ಬರೆದರೆ ಇನ್ನೂ ಸಂತೋಷ.