ಬರ್ಚ್ ಕಾಂಡದ ಡಬ್ಬಿ: ಗೋಡೆ ಸೀಳುತ್ತಿದೆ, ತೊಗಟೆ ಕಳಚುತ್ತಿದೆ

ಪ್ರಶ್ನೆ

ನಾನು ಫಿನ್ಲೆಂಡ್‌ನ ಟಾಂಪೆರೆಯಲ್ಲಿದ್ದೇನೆ. ಜಮೀನಿನ ಒಡೆಯರ ಒಪ್ಪಿಗೆ ಪಡೆದು ಜೂನ್ ಕೊನೆಯಲ್ಲಿ ಕಡಿದ ಒಂದೇ ಬರ್ಚ್ ಮರದಿಂದ ಡಬ್ಬಿ, ಮುಚ್ಚಳ ಮತ್ತು ಚೂರಿಯ ಒರೆಯನ್ನು ಮಾಡಬೇಕೆಂಬುದು ನನ್ನ ಆಸೆ. ಹಸಿ ಕಾಂಡದ ತುಂಡನ್ನು ಟೊಳ್ಳು ಮಾಡಿ, ಒಳಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಚ್ಚು ಕೊರೆದು, ತಳದ ಹಲಗೆಯನ್ನು ಬಿಗಿಯಾಗಿ ಕೂರಿಸಿದ್ದೇನೆ. ಒಳ ಅಗಲ 10 ಸೆಂ.ಮೀ., ಗೋಡೆಯ ದಪ್ಪ 12 ಮಿ.ಮೀ. ಇದೆ. ಒಣಗುವಾಗ ಗೋಡೆ ತಳದಿಂದ ಮೇಲಕ್ಕೆ ಸೀಳುತ್ತಿದೆ ಮತ್ತು ಹೊರಗಿನ ಬಿಳಿ ತೊಗಟೆ ಉಬ್ಬಿಕೊಂಡು ಬಿಡುತ್ತಿದೆ. ಒರೆಗಾಗಿ ಕಾಂಡದ ಉದ್ದಕ್ಕೆ ಕತ್ತರಿಸಿದ ತೊಗಟೆಯ ಪಟ್ಟಿಗಳು ಮಡಿಸಿದಲ್ಲೆಲ್ಲ ಮುರಿಯುತ್ತಿವೆ.

ಉತ್ತರ

ಸೀಳಿಗೆ ಮುಖ್ಯ ಕಾರಣ ತಳವನ್ನು ಬಿಗಿಯಾಗಿ ಕೂರಿಸಿರುವುದು ಎಂಬುದು ನನ್ನ ಅಭಿಪ್ರಾಯ. ಬರ್ಚ್ ಪೂರ್ತಿ ಒಣಗಿದರೆ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಸುಮಾರು ಶೇ 8ರಷ್ಟು ಕುಗ್ಗುತ್ತದೆ, ಮರದ ನಾರಿನ ಎಳೆಯ ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಮನೆಯೊಳಗೆ ಒಣಗುವ ಮಟ್ಟಕ್ಕೆ ಲೆಕ್ಕ ಹಾಕಿದರೂ ನಿಮ್ಮ ಡಬ್ಬಿಯ ಅಗಲ ಕೆಲವು ಮಿಲಿಮೀಟರ್ ಕಡಿಮೆಯಾಗಲೇಬೇಕು. ಕಾಯಿಸಿದ ಕಬ್ಬಿಣದ ಪಟ್ಟಿ ತಣಿಯುತ್ತಾ ಗಾಡಿಯ ಚಕ್ರವನ್ನು ಬಿಗಿಯುವಂತೆ ಗೋಡೆಯೇ ಬಂದು ತಳವನ್ನು ಹಿಡಿಯಬೇಕು. ಮೊದಲೇ ಬಿಗಿ ಇದ್ದರೆ ಕುಗ್ಗಲು ಜಾಗವಿಲ್ಲದೆ ಗೋಡೆ ಸೀಳುತ್ತದೆ. ತಳವನ್ನು ಕಚ್ಚಿನಲ್ಲಿ ಕೂರಿಸಿ ಅಲ್ಲಾಡಿಸಿದಾಗ ಸ್ವಲ್ಪ ಸದ್ದು ಬರುವಷ್ಟು ಸಡಿಲ ಬಿಡಿರಿ. ಗೋಡೆಯನ್ನು ಎಲ್ಲೆಡೆ ಸಮನಾಗಿ 6ರಿಂದ 8 ಮಿ.ಮೀ.ಗೆ ಇಳಿಸಿರಿ, ಏಕೆಂದರೆ ದಪ್ಪ ಭಾಗ ನಿಧಾನವಾಗಿ ಒಣಗಿ ತೆಳು ಭಾಗವನ್ನು ಎಳೆಯುತ್ತದೆ. ಕಚ್ಚಿನ ಕೆಳಗೆ ಸುಮಾರು 1 ಸೆಂ.ಮೀ. ಅಂಚು ಉಳಿಯಲಿ. ಮುಗಿದ ಡಬ್ಬಿಯನ್ನು ಹೀಟರ್‌ನಿಂದ ದೂರ, ಕಾಗದದ ಚೀಲದೊಳಗೆ ಇಟ್ಟು ತಂಪಾದ ಕೋಣೆಯಲ್ಲಿ ಒಣಗಿಸಿರಿ.

ತಳದ ಹಲಗೆಯೂ ಅದೇ ಜೂನ್ ಮರದ್ದೇ?

ಪ್ರಶ್ನಿಸಿದವರು

ಹೌದು, ಅದೇ ಮರದ್ದು. ಸೀಳದೆ ಉಳಿದ ಒಂದು ಡಬ್ಬಿಯಲ್ಲಿ ತಳದ ಎರಡು ಬದಿಯಲ್ಲಿ ಮಾತ್ರ ಸಂದು ಕಾಣುತ್ತಿದೆ.

ಉತ್ತರ

ಆ ಸಂದು ಹಲಗೆ ಒಣಗಿರಲಿಲ್ಲ ಎಂಬುದರ ಗುರುತು. ಹಲಗೆ ಎಳೆಗೆ ಅಡ್ಡವಾಗಿ ಕುಗ್ಗಿ ಆ ಬದಿಗಳಲ್ಲಿ ಸಡಿಲವಾಯಿತು, ಎಳೆಯ ಉದ್ದಕ್ಕೆ ಕುಗ್ಗದೆ ಗೋಡೆಯನ್ನು ಒತ್ತಿ ನಿಂತಿತು. ಒಂದೇ ಮರದಿಂದ ಮಾಡುವ ಆಸೆಯನ್ನು ಬಿಡಬೇಕಾಗಿಲ್ಲ. ತಳಕ್ಕೆ ಬೇಕಾದ ಹಲಗೆಯನ್ನು ಮೊದಲು ಸೀಳಿ ಮನೆಯೊಳಗೆ ಒಣಗಲು ಬಿಟ್ಟು, ಅಡುಗೆಯ ತಕ್ಕಡಿಯಲ್ಲಿ ಆಗಾಗ ತೂಗುತ್ತಿರಿ. ತೂಕ ಇಳಿಯುವುದು ನಿಂತ ಮೇಲೆ ಬಳಸಿರಿ. ಅಲ್ಲಿಯವರೆಗೆ ಕಾಂಡದ ತುಂಡುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಹಸಿಯಾಗಿಯೇ ಇರುತ್ತವೆ.

ಇನ್ನು ತೊಗಟೆಯ ವಿಷಯ. ಜೂನ್‌ನಲ್ಲಿ ರಸವೇರಿದ ಮರದ ತೊಗಟೆ ಸಲೀಸಾಗಿ ಬಿಡುತ್ತದೆ. ಸುಲಿಯುವವರು ಕಾಯುವುದು ಆ ಕಾಲಕ್ಕೇ. ಗೋಡೆಯ ಮೇಲೆಯೇ ತೊಗಟೆ ಉಳಿಯಬೇಕಾದರೆ ಚಳಿಗಾಲದಲ್ಲಿ ಕಡಿದ ಮರ ಬೇಕು. ಆದ್ದರಿಂದ ಈ ಮರದ ಗೋಡೆಯಿಂದ ತೊಗಟೆಯನ್ನು ಪೂರ್ತಿ ತೆಗೆದು ಒರೆಗೆ ಬಳಸುವುದೇ ಒಳ್ಳೆಯದು. ಬರ್ಚ್ ತೊಗಟೆಯ ಮೇಲೆ ಕಾಣುವ ಅಡ್ಡ ಗೀರುಗಳನ್ನು ಗಮನಿಸಿರಿ, ತೊಗಟೆ ಸೀಳುವುದು ಆ ಗೀರುಗಳ ಗುಂಟವೇ. ನೀವು ಕಾಂಡದ ಉದ್ದಕ್ಕೆ ಕತ್ತರಿಸಿದ್ದರಿಂದ ಗೀರುಗಳು ಪಟ್ಟಿಗೆ ಅಡ್ಡವಾಗಿ ಬಂದಿವೆ. ಕಾಂಡದ ಸುತ್ತ ಸುರುಳಿಯಾಗಿ ಕತ್ತರಿಸಿದರೆ ಅವು ಪಟ್ಟಿಯ ಉದ್ದಕ್ಕೇ ಓಡುತ್ತವೆ, ಪಟ್ಟಿ ಉದ್ದವೂ ಗಟ್ಟಿಯೂ ಆಗುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಹಳದಿ ಬಣ್ಣದ ಒಳಮೈ ಹೊರಗೆ ಬರುವಂತೆ ಮಡಿಸಿರಿ. ಸುಲಿದ ತೊಗಟೆ ತಾನಾಗಿ ಸುರುಳಿಯಾಗುವುದೂ ಹಾಗೆಯೇ. ನಮ್ಮ ಹಳೆಯ ಹಸ್ತಪ್ರತಿಗಳ ಭೂರ್ಜಪತ್ರವೂ ಇದೇ ಕುಲದ ಹಿಮಾಲಯದ ಮರದ ತೊಗಟೆ ಎಂಬುದನ್ನು ನೆನೆದಾಗ ಈ ಕೆಲಸದ ಮೇಲಿನ ನನ್ನ ಪ್ರೀತಿ ಹೆಚ್ಚುತ್ತದೆ.

ಪ್ರಶ್ನಿಸಿದವರು

ಸೀಳಿದ ಡಬ್ಬಿಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ

ಉಳಿಸಿಕೊಳ್ಳಬಹುದು, ಆದರೆ ಈಗ ಅಂಟು ಹಾಕಬೇಡಿರಿ. ಪೂರ್ತಿ ಒಣಗಿದ ಮೇಲೆ ಸೀಳಿನ ಎರಡೂ ಬದಿಗೆ ಸಣ್ಣ ತೂತುಗಳನ್ನು ಕೊರೆದು, ನೆನೆಸಿದ ಬರ್ಚ್ ಬೇರಿನಿಂದ ಹೊಲಿಯಿರಿ. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರು ಬುಟ್ಟಿ ಹೆಣೆಯುವುದೂ ಬರ್ಚ್ ಬೇರಿನಿಂದಲೇ. ಬೇರು ಕೀಳುವುದಕ್ಕೂ ಜಮೀನಿನ ಒಡೆಯರ ಒಪ್ಪಿಗೆ ಬೇಕಾಗುತ್ತದೆ. ಹೊಲಿದ ಡಬ್ಬಿಯಲ್ಲಿ ಹಿಟ್ಟು ನಿಲ್ಲಲಾರದು. ಚಮಚ, ಗುಂಡಿ, ದಾರಗಳಿಗೆ ಅದು ಸಾಕು.